ಶವರಿಗೆ ಕಾಚಂಪುಳಿ

ನಮ್ದು ಕೊಡಗಿನ ಮಾದಾಪುರದ ಹತ್ರ ತೋಟದ ಮನೆ. ಮೇಲಿನ ಗುಡ್ಡದ ಒರತೆಯಿಂದ ಪೈಪ್ ಹಾಕಿ ಟ್ಯಾಂಕಿಗೆ ನೀರು ಬಿಟ್ಕೊಂಡಿದೀವಿ, ಮೋಟ್ರೂ ಬೇಡ ಕರೆಂಟೂ ಬೇಡ. ಅಂಥಾ ಮನೇಲಿ ಈ ಸಲ ಕಕ್ಕಡ ತಿಂಗಳಲ್ಲಿ, ಅಂದ್ರೆ ಜೋರು ಮಳೆಗಾಲದಲ್ಲಿ, ಶವರ್ ಕೈಕೊಡ್ತು. ತಿರುಗ್ಸಿದ್ರೆ ಮೂರು ಎಳೆ ನೀರು, ಅದ್ರಲ್ಲಿ ಒಂದು ಗೋಡೆಗೆ. ಹೊರಗೆ ಅಷ್ಟು ಮಳೆ ಒಳಗೆ ಇಷ್ಟೇನಾ ಅನ್ನೋ ಜೋಕ್ ನೀವು ಮಾಡೋದೇನೂ ಬೇಡ, ರಜಕ್ಕೆ ಬಂದಿದ್ದ ನಾದಿನಿ ದಿನಾ ಮಾಡ್ತಿದ್ಲು.

ನಮ್ಮನೆಯವ್ರು ಮೊಬೈಲಲ್ಲಿ ಒಂದು ವೀಡಿಯೋ ನೋಡಿದ್ರು. ಪ್ಲಾಸ್ಟಿಕ್ ಕವರಲ್ಲಿ ವಿನೆಗರ್ ಹಾಕಿ, ಶವರ್ ಹೆಡ್ ಅದ್ರಲ್ಲಿ ಮುಳುಗೋ ಹಾಗೆ ರಬ್ಬರ್ ಬ್ಯಾಂಡ್ ಬಿಗಿದು ಬಿಟ್ರೆ, ತೂತಲ್ಲಿ ಕೂತಿರೋ ಬಿಳಿ ಸುಣ್ಣ ಗುಳುಗುಳು ಅಂತ ಗುಳ್ಳೆ ಬಂದು ಕರಗಿ ಹೋಗುತ್ತಂತೆ. ಅದೇನೂ ಸುಳ್ಳಲ್ಲ. ಆದ್ರೆ ಅದು ಗಡಸು ನೀರಿನವ್ರ ಕಥೆ. ಕುಶಾಲನಗರದಲ್ಲಿ ನಾದಿನಿ ಮನೇಲಿ ಬೋರ್‌ವೆಲ್ ನೀರು, ಕಾಯ್ಸೋ ಪಾತ್ರೆ ತಳದಲ್ಲೇ ಬಿಳಿ ಪದರ ಕಟ್ಟುತ್ತೆ, ಅವ್ಳು ಶವರಿಗೆ ಹೀಗೆ ವಿನೆಗರ್ ಕಟ್ತಾನೇ ಇರ್ತಾಳೆ. ನಮ್ಮ ಒರತೆ ನೀರಿಗೆ ಸೋಪು ಹಾಕಿದ್ರೆ ನೊರೆ ಹೋಗ್ಸೋದೇ ಕಷ್ಟ, ಅಷ್ಟು ಮೆದು, ಅದ್ರಲ್ಲಿ ಸುಣ್ಣ ಎಲ್ಲಿಂದ ಬರ್ಬೇಕು? ನಾನು ಹೇಳ್ದೆ. ಮೊಬೈಲ್ ಹೇಳಿದ್ಮೇಲೆ ಹೆಂಡ್ತಿ ಮಾತು ಯಾರಿಗೆ ಬೇಕು.

ವಿನೆಗರ್ ತರೋಣ ಅಂದ್ರೆ ರಸ್ತೆಗೆ ಮರ ಬಿದ್ದಿತ್ತು. ಆವಾಗ ಇವ್ರ ಕಣ್ಣು ಅಡುಗೆಮನೆ ಅಟ್ಟದ ಮೇಲಿದ್ದ ಕಾಚಂಪುಳಿ (ನಾವು ಅಡುಗೆಗೆ ಹಾಕೋ ಕಪ್ಪು ಹುಳಿ) ಬಾಟ್ಲಿ ಮೇಲೆ ಬಿತ್ತು.

ಕೊಡಗಿನ ಹೊರಗಿನವ್ರಿಗೆ ಆ ಬಾಟ್ಲಿ ಬೆಲೆ ಗೊತ್ತಾಗಲ್ಲ. ನಮ್ಮತ್ತೆ ಮಳೇಲಿ ಜಿಗಣೆ ಕಚ್ಚಿಸ್ಕೊಂಡು ಮರದಡಿ ಬಿದ್ದ ಹಣ್ಣು ಆರಿಸಿ ತಂದು, ಬುಟ್ಟಿಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಟ್ಟು, ತೊಟ್ಟು ತೊಟ್ಟಾಗಿ ಇಳಿದ ರಸನ ಒಲೆ ಮುಂದೆ ಕೂತು ಕರ್ರಗೆ ಗಟ್ಟಿ ಆಗೋ ತನಕ ಕುದಿಸಿ ಮಾಡಿದ್ದದು, ವರ್ಷಗಟ್ಲೆ ಕೆಡಲ್ಲ. ಪಂದಿಕರಿಗೆ, ಅಂದ್ರೆ ನಮ್ಮ ಹಂದಿ ಮಾಂಸದ ಸಾರಿಗೆ, ಇಷ್ಟೇ ಇಷ್ಟು ಹಾಕಿದ್ರೆ ಸಾಕು. ಅತ್ತೆ ಬೀರು ಕೀಲಿ ಬೇಕಾದ್ರೂ ಕೊಟ್ಟಾರು, ಆ ಬಾಟ್ಲಿ ಮಾತ್ರ ಯಾರ್ ಕೈಗೂ ಕೊಡಲ್ಲ. ಇವ್ರು ಕೇಳೋಕೆ ಹೋಗ್ಲಿಲ್ಲ, ಅತ್ತೆ ಮಲಗಿದ್ಮೇಲೆ ಅರ್ಧ ಬಾಟ್ಲಿ ಕವರಿಗೆ ಸುರಿದು ಶವರಿಗೆ ಕಟ್ಟಿ ತಾವೂ ಮಲಗಿದ್ರು.

ಬೆಳಗ್ಗೆ ಕರೆಂಟ್ ಇಲ್ಲ. ನಾದಿನಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಬಚ್ಚಲಿಗೆ ಹೋದವ್ಳು "ಅವ್ವಾ, ಬಾವಲಿ!" ಅಂತ ಕಿರುಚಿದ ಕಿರುಚಾಟಕ್ಕೆ ತೋಟದ ಕೆಲಸದವ್ರ ಲೈನ್ ಮನೆಯವ್ರೂ ಬಂದ್ರು. ಅತ್ತೆ ಬಂದ್ರು, ಮೂಸಿದ್ರು, ಬಾವಲಿ ಅಲ್ಲ ಅಂತ ಒಂದೇ ಸಲಕ್ಕೆ ಗೊತ್ತಾಯ್ತು. "ಲೋ ಮಗ, ನಿನ್ ಶವರಿಗೆ ಇನ್ನು ಪಂದಿ ಮಾಂಸ ಒಂದು ತಂದು ಹಾಕು, ಅದ್ಯಾಕೆ ಬಾಕಿ?" ಅಂದ್ರು. ಆಮೇಲೆ ಏನು ಮಾಡಿದ್ರು ಗೊತ್ತಾ, ಚೆಲ್ಲೋಕೆ ಮನಸ್ಸು ಬರ್ದೆ ಅಷ್ಟನ್ನೂ ಬಟ್ಟೇಲಿ ಸೋಸಿ ಬೇರೆ ಬಾಟ್ಲಿಗೆ ತುಂಬಿ, ಹಿತ್ತಾಳೆ ದೀಪ ತೊಳೆಯೋಕಾಗುತ್ತೆ ಅಂತ ಅದನ್ನೂ ಅಟ್ಟದ ಮೇಲೇ ಇಟ್ರು.

ಶವರಲ್ಲಿ ನೀರು ಅದೇ ಮೂರೆಳೆ, ಈಗ ಸ್ವಲ್ಪ ಪರಿಮಳ ಬೇರೆ.

ಇವ್ರು ಅಷ್ಟಕ್ಕೆ ಬಿಡೋ ಪೈಕಿ ಅಲ್ಲ, ಕಾಫಿ ಚೀಲ ಹೊಲಿಯೋ ದಬ್ಬಳ ತಗೊಂಡು ಒಂದೊಂದು ತೂತನ್ನೂ ಚುಚ್ಚಿದ್ರು. ಬಾಯಿ ರಬ್ಬರಿಂದಾಗಿದ್ರೆ ಹೆಬ್ಬೆರಳಲ್ಲಿ ಉಜ್ಜಿದ್ರೂ ಸಾಕು, ನಮ್ದು ಸ್ಟೀಲ್, ಅದಕ್ಕೆ ಸಣ್ಣ ಪಿನ್ ಸಾಕಿತ್ತು. ದಬ್ಬಳ ಹೋದ ಕಡೆ ತೂತಿನ ಅಂಚು ಹರಿದು, ಒಂದು ನೀರಿನ ಎಳೆ ನೆಟ್ಟಗೆ ಬಾಗಿಲ ಹಿಂದಿನ ಟವೆಲ್ಲಿಗೆ ಹೊಡೆಯೋಕೆ ಶುರು ಮಾಡ್ತು.

ಮರ ಕಡಿದು ರಸ್ತೆ ಬಿಟ್ಮೇಲೆ ಪ್ಲಂಬರ್ ಅಣ್ಣ ಬಂದ. ಒಂದು ಕೈಲಿ ಗೋಡೆಯಿಂದ ಬಂದ ಪೈಪನ್ನ ಅಲ್ಲಾಡದ ಹಾಗೆ ಹಿಡಿದು (ಇಲ್ಲಾಂದ್ರೆ ಅದೂ ತಿರುಗಿ ಗೋಡೆ ಒಳಗೇ ಲೀಕ್ ಆಗುತ್ತೆ), ಪಾಲಿಷ್ ಹೋಗ್ಬಾರ್ದು ಅಂತ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿ ಬಿಚ್ಚಿದ. ಒಳಗೆ ಸಣ್ಣ ಜಾಲರಿ ಇರುತ್ತಲ್ಲ, ಅದನ್ನ ತೆಗೆದು ಅಂಗೈ ಮೇಲೆ ಕುಟ್ಟಿದ. ಮಳೆ ನೀರಲ್ಲಿ ಬಂದ ನುಣ್ಣನೆ ಮರಳು, ಕೊಳೆತ ಎಲೆ ಚೂರು, ಒಂದು ಬಸವನಹುಳದ ಚಿಪ್ಪು. "ಅಕ್ಕ, ಹುಳಿ ಹಾಕಿದ್ರೆ ಮರಳು ಕರಗುತ್ತಾ?" ಅಂತ ನನ್ನ ಕೇಳ್ತಾನೆ! ಇವ್ರು ಕಾಫಿ ಗಿಡದ ಚಿಗುರು ನೋಡ್ತಾ ನಿಂತಿದ್ರು. ಹಳೇ ಟೇಪ್ ಕಿತ್ತು ಪೈಪಿನ ತಿರುಪಿಗೆ ಹೊಸ ಟೆಫ್ಲಾನ್ ಟೇಪ್ ಬಲಕ್ಕೆ ಸುತ್ತಿ ಕೂರಿಸಿದ, ನೀರು ಧೋ ಅಂತ ಬಂತು. ಟವೆಲ್ ಮೊಳೆನ ಮಾತ್ರ ಜಾಗ ಬದಲಾಯಿಸ್ಬೇಕಾಯ್ತು.

ಭಾನುವಾರ ಪಂದಿಕರಿ, ಜೊತೆಗೆ ಕಡಂಬುಟ್ಟು ಅನ್ನೋ ಅಕ್ಕಿ ಕಡುಬು. ಅಡುಗೆ ಮಾಡಿದ್ದು ಇವ್ರು. ಹುಳಿ ಯಾವ ಬಾಟ್ಲಿದು ಅಂದೆ, ಅಟ್ಟದ ಮೇಲಿಂದು ಅಂದ್ರು. ನಾದಿನಿ ಈ ಸಲ ಭಾಳ ಚೆನ್ನಾಗಿದೆ ಅಂತ ಮತ್ತೆ ಹಾಕಿಸ್ಕೊಂಡ್ಲು. ನಾನೂ ಅತ್ತೆನೂ ಮುಖ ಮುಖ ನೋಡ್ಕೊಂಡು, ಇವತ್ತು ಯಾಕೋ ಹೊಟ್ಟೆ ಸರಿ ಇಲ್ಲ ಅಂತ ಮೊಸರನ್ನ ಕಲಸ್ಕೊಂಡ್ವಿ.