ಜರ್ಮನ್ ವೈನ್ ಎಲ್ಲಾ ಸಿಹಿಯೇ?

ಉದ್ದ ಕತ್ತಿನ ಬಾಟಲಿಯ ಜರ್ಮನ್ ಬಿಳಿ ವೈನ್ ಎಂದರೆ ಸಿಹಿ, ಊಟಕ್ಕೆ ಹೊಂದಲ್ಲ ಎಂಬ ಮೆಸೇಜ್ ಆಗಾಗ ಬರುತ್ತಿರುತ್ತದೆ. ಇದು ಸರಿಯಲ್ಲ. ಸಿಹಿ ರೀಸ್ಲಿಂಗ್ (ಅಲ್ಲಿನ ಒಂದು ಬಿಳಿ ದ್ರಾಕ್ಷಿಯ ವೈನ್) ಇದೆ, ನಿಜ. ಹಾಗಾಗಿ ನಂಬುವುದು ಸಹಜವೇ. ಆದರೆ ಸಿಹಿಯಿಲ್ಲದ ರೀಸ್ಲಿಂಗ್ ಕೂಡ ಅಲ್ಲಿ ಬೇಕಾದಷ್ಟು ತಯಾರಾಗುತ್ತದೆ.

ಬಾಟಲಿಯ ಆಕಾರ ಬಿಡಿ, ಲೇಬಲ್ ಓದಿ. ‘ಟ್ರೊಕೆನ್’ (ಸಿಹಿಯಿಲ್ಲದ್ದು) ಎಂದಿದ್ದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಅಷ್ಟಿರಲೂ ಹುಳಿ ಸಾಕಷ್ಟಿರಬೇಕು. ‘ಹಾಲ್ಬ್‌ಟ್ರೊಕೆನ್’ (ಸ್ವಲ್ಪ ಸಿಹಿ) ಆದರೆ ಸಾಮಾನ್ಯವಾಗಿ 18ರವರೆಗೆ. ಈ ಪದಗಳು ಕಾಣದಿದ್ದರೆ ಆಲ್ಕೋಹಾಲ್ ಪ್ರಮಾಣ ನೋಡಿ: ಶೇ. 8ರ ಆಸುಪಾಸಿದ್ದರೆ ಸಿಹಿ ಜಾಸ್ತಿ ಇರುವ ಸಾಧ್ಯತೆ, 12 ದಾಟಿದರೆ ಕಡಿಮೆ.

ಊಟದ ಮಾತು? ಜರ್ಮನಿಯಲ್ಲಿ ಪ್ರತಿ ವರ್ಷ ಜೂನ್ 24ರವರೆಗೆ ಬಿಳಿ ಆಸ್ಪರಾಗಸ್ ಎಂಬ ತರಕಾರಿಯ ಕಾಲ. ಬೇಯಿಸಿ, ಬೆಣ್ಣೆ ಸಾಸ್ ಸುರಿದು ತಿನ್ನುತ್ತಾರೆ, ಜೊತೆಗೆ ಟ್ರೊಕೆನ್ ವೈನ್. ಬೆಣ್ಣೆಯ ಜಿಡ್ಡನ್ನು ವೈನಿನ ಹುಳಿ ಕತ್ತರಿಸುತ್ತದೆ. ನಾವು ಕರಿದ ಮೀನಿಗೆ ನಿಂಬೆ ಹಿಂಡುತ್ತೇವಲ್ವಾ, ಅದೇ ಲೆಕ್ಕ.