ಒಂದು ಮುಗೀತು

ಬಲಸೊಂಟದಲ್ಲಿ, ಬೆಲ್ಟು ಕೂರುವ ಜಾಗಕ್ಕಿಂತ ನಾಲ್ಕು ಬೆರಳು ಮೇಲಕ್ಕೆ, ಅಂಗೈ ಅಗಲದ ಪಟ್ಟೆಯಾಗಿ ನೀರುಗುಳ್ಳೆ ಎದ್ದಿದ್ದವು. ಅಂಗಿ ತಾಕಿದರೆ ಬೆಂಕಿ. ಯಾವುದೋ ಹುಳ ಹರಿದಿರಬೇಕೆಂದು ಮೂರು ದಿನ ಹುಳಕ್ಕೆ ಶಾಪ ಹಾಕುತ್ತ ಕಳೆದೆ. ನಾಲ್ಕನೇ ದಿನ ಡಾಕ್ಟರ ಹತ್ತಿರ ಹೋದೆ. ಮೂವತ್ತು ದಾಟಿರದ ಹುಡುಗ. ಅಂಗಿ ಎತ್ತಿ ನೋಡಿದ್ದು ಎರಡು ಸೆಕೆಂಡೂ ಇರಲಿಕ್ಕಿಲ್ಲ.

“ಸರ್ಪಸುತ್ತು, ಅಂಕಲ್. ಚಿಕ್ಕವರಿದ್ದಾಗ ಸೀತಾಳೆ ಸಿಡುಬು ಆಗಿತ್ತಲ್ಲ, ಅದೇ.”

“ನನಗೆ ಸೀತಾಳೆ ಆಗೇ ಇಲ್ಲ.”

“ಆಗಿರುತ್ತೆ.”

“ಆಗಿದ್ರೆ ನನಗೆ ಗೊತ್ತಿರ್ತಿರಲಿಲ್ವಾ?”

“ಅದು ಆಗದೆ ಇದು ಬರೋದೇ ಇಲ್ಲ, ಅಂಕಲ್,” ಎಂದು ಚೀಟಿ ಬರೆಯತೊಡಗಿದ.

ಆತ ಹೇಳಿದ್ದರಲ್ಲಿ ತಪ್ಪಿಲ್ಲ. ಸೀತಾಳೆ ವಾಸಿಯಾದರೂ ಅದರ ವೈರಸ್ಸು ಮನೆ ಖಾಲಿ ಮಾಡುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಹೋಗಿ ಮಲಗಿಕೊಂಡು, ನಲವತ್ತೋ ಐವತ್ತೋ ವರ್ಷಕ್ಕೆ ಎದ್ದು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಇದನ್ನೆಲ್ಲ ನಾನೂ ಓದಿಕೊಂಡಿದ್ದೇನೆ. ಸಿಟ್ಟು ಬಂದದ್ದು ಬೇರೆಯದಕ್ಕೆ. ನನ್ನ ಬಾಲ್ಯದಲ್ಲಿ ಏನಾಯಿತು ಏನಾಗಲಿಲ್ಲ ಎಂಬುದನ್ನು, ನನ್ನ ತಲೆ ನೆರೆಯತೊಡಗಿದಾಗ ಇನ್ನೂ ಮಗ್ಗಿ ಉರುಹಚ್ಚುತ್ತಿದ್ದವನು ನನಗೆ ಹೇಳಬೇಕೆ? ಅದರ ಮೇಲೆ ಮಾತಿಗೊಂದು ಅಂಕಲ್.

ಸುಮ್ಮನೆ ಎದ್ದು ಬರಬಹುದಿತ್ತು. ಬರಲಿಲ್ಲ. “ನಾಯಿಕೆಮ್ಮು ಕಂಡಿದ್ದೀರಾ ಡಾಕ್ಟ್ರೇ?” ಎಂದು ಕೇಳಿದೆ.

“ಕೇಳಿದ್ದೀನಿ. ಕ್ಲಾಸಲ್ಲಿ ರೆಕಾರ್ಡಿಂಗ್ ಹಾಕಿದ್ರು.”

ರೆಕಾರ್ಡಿಂಗ್! ನಾವು ಆ ಕೆಮ್ಮಿನ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡು ಮಲಗಿದವರು. ಉಸಿರಿಗೆ ಬಿಡುವಿಲ್ಲದೆ ಒಂದರ ಬೆನ್ನಿಗೊಂದು ಹತ್ತು ಹದಿನೈದು ಕೆಮ್ಮು, ಮುಖ ಕಪ್ಪಿಟ್ಟು, ಕಣ್ಣು ಹೊರಬಂದು, ಇನ್ನೇನು ಹೋಯಿತು ಅನ್ನುವಾಗ ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಆ ‘ಹೂಊಪ್’. ಮಾಡಿ ತೋರಿಸಿದೆ. ಚೆನ್ನಾಗಿಯೇ ಬಂತು. ಹೊರಗೆ ಕಾದು ಕೂತಿದ್ದವರಲ್ಲಿ ಇಬ್ಬರು ಎದ್ದು ದೂರದ ಕುರ್ಚಿಗೆ ಹೋದರು.

ನಮ್ಮ ಕಾಲದ ಕಾಯಿಲೆಗಳದ್ದು ಒಂದು ಮೃಗಾಲಯ. ಕೆಮ್ಮಿಗೆ ನಾಯಿ, ಬಾವಿಗೆ ಮಂಗ, ಈಗ ಸೊಂಟಕ್ಕೆ ಸರ್ಪ. ಇಂಗ್ಲಿಷಿನವರು ಸೀತಾಳೆಗೆ ಕೋಳಿಯನ್ನು ಗಂಟು ಹಾಕಿದ್ದಾರೆ, ಯಾಕೆಂದು ಅವರಲ್ಲೇ ಒಮ್ಮತವಿಲ್ಲ. ಮಂಗನಬಾವಿಗೆ ಜರ್ಮನರು ‘ತ್ಸೀಗನ್‌ಪೇಟರ್’ ಎನ್ನುವುದುಂಟು. ಅಕ್ಷರಕ್ಕಕ್ಷರ ನೋಡಿದರೆ ಮೇಕೆ ಪೀಟರ್. ಅದೇ ಊದಿದ ಮುಖ ನೋಡಿ ನಮಗೆ ಮಂಗ ಹೊಳೆದರೆ ಅವರಿಗೆ ಮೇಕೆ ಹೊಳೆದಿದೆ. ಮಂಗವೇ ಸರಿ ಎಂದು ನನ್ನ ತೀರ್ಮಾನ. ಸಿಕ್ಕಿದ್ದನ್ನೆಲ್ಲ ಕೆನ್ನೆಯಲ್ಲಿ ತುಂಬಿಕೊಂಡು ಕೂತ ಮಂಗನನ್ನು ಜರ್ಮನರು ನೋಡಿರಲಿಕ್ಕಿಲ್ಲ.

ಮನೆಗೆ ಬಂದವನೇ ಅಕ್ಕನಿಗೆ ಫೋನು ಮಾಡಿದೆ. ಅಮ್ಮ ಹೋದ ಮೇಲೆ ನಮ್ಮ ಬಾಲ್ಯದ ಕಡತವೆಲ್ಲ ಅವಳ ಸುಪರ್ದಿನಲ್ಲಿದೆ.

“ಸೀತಾಳೆ ಆಗಿದ್ದು ನನಗೆ,” ಎಂದಳು. ಆಸ್ತಿಯ ಮಾತು ಬಂದವರ ದನಿ. “ನಾನು ಎರಡು ವಾರ ಒಳಕೋಣೇಲಿ ಮಲಗಿದ್ದೆ. ನೀನು ಬಾಗಿಲ ಸಂದೀಲಿ ನಾಲಿಗೆ ಚಾಚಿ ಅಣಕಿಸ್ತಿದ್ದೆ. ನಿನಗಾಗಿದ್ದು ದಡಾರ, ಆಮೇಲೆ ಮಂಗನಬಾವು. ಅಷ್ಟೇ.”

“ಡಾಕ್ಟರು ಹೇಳಿದ್ರು, ಆಗಿರಲೇಬೇಕಂತೆ.”

“ಅವರೇನು ಅಲ್ಲಿದ್ರಾ?”

ನಾನು ಅರ್ಧ ಗಂಟೆಯ ಹಿಂದೆ ಮಾಡಿದ್ದ ವಾದವೇ. ಅವಳ ಬಾಯಲ್ಲಿ ಕೇಳಿದಾಗ ಎಷ್ಟು ಪೆದ್ದುಪೆದ್ದಾಗಿದೆ ಅನ್ನಿಸಿತು.

“ಇನ್ನೊಬ್ಬರದ್ದನ್ನ ನನ್ನದು ಅನ್ನೋ ಬುದ್ಧಿ ನಿನಗೆ ಮೊದಲಿಂದಲೂ ಇದೆ. ನಾನು ತಳ್ಳದೇ ಇದ್ರೂ ತಳ್ಳಿದಳು ಅಂದವನಲ್ವಾ ನೀನು?” ಎಂದು ಫೋನು ಇಟ್ಟಳು.

ಇದೊಂದು ಹಳೇ ಮೊಕದ್ದಮೆ. ನನ್ನ ಎಡಹುಬ್ಬಿನ ತುದಿಯಲ್ಲಿ ಒಂದು ಕಲೆಯಿದೆ. ಮೂರೋ ನಾಲ್ಕೋ ವರ್ಷದವನಿದ್ದಾಗ ಅಕ್ಕ ತಳ್ಳಿ, ಹೊಸ್ತಿಲಿಗೆ ಬಡಿದು ಆದದ್ದು. ಅವಳು ಒಪ್ಪುವುದಿಲ್ಲ. ಅವಳು ಒಪ್ಪುವುದಿಲ್ಲ ಎಂದೇ ನಾನು ಅರುವತ್ತು ವರ್ಷದಿಂದ ನೆಂಟರು ಸೇರಿದಲ್ಲೆಲ್ಲ ಹುಬ್ಬು ತೋರಿಸುತ್ತ ಬಂದಿದ್ದೇನೆ.

ಮಂಗನಬಾವಿನ ವಿಷಯದಲ್ಲಿ ಮಾತ್ರ ಯಾರದೂ ತಕರಾರಿಲ್ಲ. ಅದಕ್ಕೆ ಒಂದು ತರಗತಿಯಷ್ಟು ಸಾಕ್ಷಿಗಳಿದ್ದಾರೆ.

ನಾಲ್ಕನೇ ಕ್ಲಾಸು. ಶಾಲೆಯ ನಾಟಕ. ನಾನು ರಾಜ. ರಾಜನಿಗಿದ್ದದ್ದು ಒಟ್ಟು ಆರು ಮಾತು, ಅದರಲ್ಲಿ ಎರಡು ‘ಯಾರಲ್ಲಿ?’ ಎಂಬುದೇ. ಆದರೆ ಕೊನೆಯಲ್ಲಿ ಯುದ್ಧ ಸಾರುವಾಗ ಕಹಳೆ ಊದುವವನು ರಾಜ. ಪಾತ್ರದ ಜೀವವೆಲ್ಲ ಆ ಕಹಳೆಯಲ್ಲಿತ್ತು. ತಗಡಿನದು, ಮೇಲೆ ಹಿತ್ತಾಳೆಯ ಬಣ್ಣ. ಬಾಯಿಡುವಲ್ಲಿ ಬಣ್ಣ ಎದ್ದುಹೋಗಿ ನಾಲಿಗೆಗೆ ತುಕ್ಕಿನ ರುಚಿ ಹತ್ತುತ್ತಿತ್ತು. ಅಭ್ಯಾಸಕ್ಕೆಂದು ಮನೆಗೂ ತಂದಿದ್ದೆ. ಮನೆಯವರು ಯುದ್ಧಕ್ಕೆ ಸಿದ್ಧರಾಗಿಯೇ ಇದ್ದರು, ನನ್ನ ಮೇಲೆ.

ನನಗೊಬ್ಬ ಬದಲಿ ರಾಜನಿದ್ದ. ಮೇಷ್ಟ್ರ ಮುಂದಾಲೋಚನೆ. ಅವನಿಗೆ ನನ್ನ ಆರೂ ಮಾತು ಬಾಯಿಪಾಠ. ಪಕ್ಕದಲ್ಲಿ ನಿಂತು ನನ್ನ ಜೊತೆಜೊತೆಗೇ ತುಟಿ ಅಲ್ಲಾಡಿಸುತ್ತಿದ್ದ. ನಾನು ನೀರು ಕುಡಿಯಲು ಹೋದರೆ ಸಾಕು, ಕಹಳೆ ಎತ್ತಿಕೊಂಡು ಒಂದು ಸಲ ಊದಿ, ಏನೂ ಆಗದವನ ಹಾಗೆ ಇಟ್ಟುಬಿಡುತ್ತಿದ್ದ. ಅವನನ್ನು ನೋಡಿ ಮಂತ್ರಿಯೂ ಊದುತ್ತಿದ್ದ, ದೂತನೂ ಊದುತ್ತಿದ್ದ. ಒರೆಸಿ ಊದುವ ಶಿಸ್ತು ಆಗಿನ್ನೂ ಬಂದಿರಲಿಲ್ಲ.

ನಾಟಕಕ್ಕೆ ಎರಡು ದಿನವಿರುವಾಗ, ಬೆಳಗ್ಗೆ ಏಳುತ್ತಲೇ ಎಡಗಿವಿಯ ಕೆಳಗೆ ಏನೋ ಬಿಗಿದ ಹಾಗಿತ್ತು. ಕನ್ನಡಿ ನೋಡಿದರೆ ದವಡೆಯ ಮೂಲೆಯೇ ಮಾಯ; ಕಿವಿಯ ಹಾಲೆ ಯಾರೋ ಹಿಂದಿನಿಂದ ಬೆರಳು ಕೊಟ್ಟು ಎತ್ತಿದ ಹಾಗೆ ಹೊರಕ್ಕೆ ಸೆಟೆದು ನಿಂತಿತ್ತು. ಹುಳಿಯನ್ನು ತಿನ್ನಬೇಕಿಲ್ಲ, ನೆನೆಸಿಕೊಂಡರೆ ಸಾಕು, ದವಡೆಯ ಬುಡದಲ್ಲಿ ಸೂಜಿ ಆಡುತ್ತಿತ್ತು. ಆ ವಯಸ್ಸಿಗೆ ಬೇಡವೆಂದರೂ ನೆನಪಾಗುವುದು ಹುಳಿಯೇ. ಮರುದಿನಕ್ಕೆ ಬಲಗಡೆಯೂ ಎದ್ದಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, “ಸರಿ, ಒಂದು ಮುಗೀತು,” ಎಂದು ಹೇಳಿ ಕೆಲಸಕ್ಕೆ ಹೋದರು. ಮಕ್ಕಳ ಕಾಯಿಲೆಗಳೆಲ್ಲ ಅವರಿಗೆ ಪರೀಕ್ಷೆಯ ವಿಷಯಗಳಿದ್ದ ಹಾಗೆ. ಪಾಸಾದರೆ ಆಯಿತು, ರ‍್ಯಾಂಕಿನ ಆಸೆ ಇರಲಿಲ್ಲ.

ರಾಜ ಎಂದ ಮೇಲೆ ಮುಖ ತುಂಬಿಕೊಂಡಿದ್ದರೆ ಒಳ್ಳೆಯದಲ್ಲವೇ ಎಂದು ವಾದಿಸಿ ನೋಡಿದೆ. ಮೇಷ್ಟ್ರು ಗೇಟಿನಾಚೆಯೇ ನಿಂತು ಕಿರೀಟವನ್ನೂ ಕಹಳೆಯನ್ನೂ ತರಿಸಿಕೊಂಡು ಹೊರಟುಹೋದರು. ಬದಲಿ ರಾಜ ಪಟ್ಟಕ್ಕೆ ಬಂದ. ಚೆನ್ನಾಗಿ ಮಾಡಿದನೆಂದು ನನಗೆ ಹೇಳಲು ಎಷ್ಟು ಜನ ಕಿಟಕಿಗೆ ಬಂದರೆಂದರೆ, ಅಷ್ಟು ಜನ ನನ್ನ ಬಾವನ್ನು ನೋಡಲು ಬರಲಿಲ್ಲ. ಇನ್‌ಸ್ಪೆಕ್ಟರು ಬಂದಾಗ ಅದೇ ನಾಟಕವನ್ನು ಇನ್ನೊಮ್ಮೆ ಆಡಿಸುವುದೆಂದು ನಿಶ್ಚಯವಾಯಿತಂತೆ, ಮೂರು ವಾರಕ್ಕೆ.

ಮಂಗನಬಾವು ಒಳಹೊಕ್ಕ ಮೇಲೆ ಮುಖಕ್ಕೆ ಏರಲು ಸಾಮಾನ್ಯವಾಗಿ 16ರಿಂದ 18 ದಿನ ಬೇಕು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಬಾವು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಅದು ಎಂಜಲಿನಲ್ಲಿ ಹಂಚಿಹೋಗಿರುತ್ತದೆ ಎಂಬುದೂ ತಿಳಿದಿರಲಿಲ್ಲ. ನಾನು ಗುಣವಾಗಿ ಶಾಲೆಗೆ ಹೋಗತೊಡಗಿದ ವಾರದಲ್ಲೇ ಬದಲಿ ರಾಜ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಮನೆ ಸೇರಿದ. ದೇವರಿದ್ದಾನೆ ಅಂದುಕೊಂಡೆ. ಕಿರೀಟ ವಾಪಸು ಬಂತು. ಮರುದಿನ ದೂತ ಬರಲಿಲ್ಲ. ಅದರ ಮರುದಿನ ಸೇನಾಪತಿ ಮತ್ತು ಮಂತ್ರಿ. ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ರಾಜ್ಯದಲ್ಲಿ ರಾಜನೊಬ್ಬನೇ ಉಳಿದಿದ್ದ. “ಯಾರಲ್ಲಿ?” ಎಂದು ಕೇಳಿದರೆ ನಿಜಕ್ಕೂ ಯಾರೂ ಇರಲಿಲ್ಲ. ನಾಟಕ ರದ್ದಾಯಿತು. ಅವರ ಮುಂದೆ ನಾನು ಹದಿನಾರರ ಮಗ್ಗಿ ಹೇಳಿದೆ, ಅದರಲ್ಲೂ ಹನ್ನೆರಡಕ್ಕೆ ಬಂದು ನಿಂತೆ.

ಈ ಕಥೆಯನ್ನು ನಾನು ಎಲ್ಲರಿಗೂ ಇಲ್ಲಿಯವರೆಗೇ ಹೇಳುವುದು. ಮಂತ್ರಿಯ ಬಾವು ಹತ್ತು ದಿನಕ್ಕೆ ಇಳಿಯಿತು, ಬಲಗಿವಿ ಮಾತ್ರ ತಿರುಗಿ ಬರಲಿಲ್ಲ. ಲಸಿಕೆ ಬರುವ ಮುಂಚೆ ಮಕ್ಕಳ ಒಂದು ಕಿವಿ ಹೀಗೆ ದಿಢೀರನೆ ಹೋಗುವುದಕ್ಕೆ ಮಂಗನಬಾವು ದೊಡ್ಡ ಕಾರಣವಾಗಿತ್ತೆಂದು ಬಹಳ ವರ್ಷಗಳ ಮೇಲೆ ಓದಿದೆ. ಅವನು ಈಗಲೂ ಸಿಗುತ್ತಾನೆ. ಜೊತೆಗೆ ನಡೆಯುವಾಗ ಏನೂ ಹೇಳದೆ ಹಿಂದಿನಿಂದ ಸುತ್ತಿ ಬಂದು ನನ್ನ ಬಲಕ್ಕೆ ಸೇರಿಕೊಳ್ಳುತ್ತಾನೆ. ನಾಟಕದ ಮಾತು ಬಂದರೆ ನಗುತ್ತಾನೆ. ಕಹಳೆಯ ಮಾತನ್ನು ನಾನು ಎತ್ತುವುದಿಲ್ಲ.

ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿದ್ದಾರೆ. “ನಮ್ಮ ಕಾಲದಲ್ಲಿ ಇದೆಲ್ಲ ಬಂದು ಹೋಗ್ತಿತ್ತು. ನಮಗೇನಾಯ್ತು?” ಎಂದು ತಿಂಗಳಿಗೊಮ್ಮೆ ಹಾಕುತ್ತಾರೆ, ಕೆಳಗೆ ಕೈಮುಗಿದ ಚಿತ್ರಗಳು. ಅವರಿಗೆ ಮಂತ್ರಿಯ ನಂಬರು ಕೊಡೋಣ, ಮಾತಾಡಿಕೊಳ್ಳಲಿ ಅನ್ನಿಸುತ್ತದೆ. ದಡಾರವೊಂದೇ 2023ರಲ್ಲಿ ಪ್ರಪಂಚದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಒಯ್ದಿದೆ, ಹೆಚ್ಚಿನವರು ಐದು ತುಂಬದ ಮಕ್ಕಳು. ನಮ್ಮ ಬೀದಿಯಲ್ಲಿ ಕಾಣಿಸುವುದಿಲ್ಲ ಎಂದ ಮಾತ್ರಕ್ಕೆ ಅದು ಸನ್ಯಾಸ ತೆಗೆದುಕೊಂಡಿದೆ ಎಂದೇನಲ್ಲ. ಇದನ್ನು ಗುಂಪಿನಲ್ಲಿ ಬರೆದೆ. ಅವರು ಅದಕ್ಕೂ ಕೈಮುಗಿದರು.

ಅಪ್ಪಂದಿರಲ್ಲೂ ಎಷ್ಟು ಥರ. 1963ರ ಮಾರ್ಚಿನ ಒಂದು ನಡುರಾತ್ರಿ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್ಲಮನ್‌ರನ್ನು ಐದು ವರ್ಷದ ಮಗಳು ಜೆರಿಲ್ ಲಿನ್ ಬಂದು ಎಬ್ಬಿಸಿದಳು. ಮುಟ್ಟಿ ನೋಡಿದರೆ ಮಂಗನಬಾವು. ಅವಳನ್ನು ಮಲಗಿಸಿ, ಆ ಹೊತ್ತಿನಲ್ಲೇ ಪ್ರಯೋಗಶಾಲೆಗೆ ಹೋಗಿ ಸಾಮಾನು ತಂದು, ಮಗಳ ಗಂಟಲಿನಿಂದ ದ್ರವ ಒರೆಸಿ ತೆಗೆದುಕೊಂಡು ಹೋಗಿ ಇಟ್ಟರು. ಅದನ್ನು ಪಳಗಿಸಿ ಮಾಡಿದ ಲಸಿಕೆ 1967ರಲ್ಲಿ ಬಳಕೆಗೆ ಬಂತು. ಆ ವೈರಸ್ ತಳಿಯ ಹೆಸರು ಇವತ್ತಿಗೂ ಜೆರಿಲ್ ಲಿನ್. ಸೀತಾಳೆಗೆ 1974ರಲ್ಲಿ ಲಸಿಕೆ ಮಾಡಿದ ಜಪಾನಿನ ಮಿಚಿಯಾಕಿ ತಕಹಾಶಿಯವರಿಗೂ ಆ ಯೋಚನೆ ಹತ್ತಿದ್ದು ತಮ್ಮ ಮೂರು ವರ್ಷದ ಮಗ ಸೀತಾಳೆ ಬಂದು ನರಳಿದ್ದನ್ನು ನೋಡಿ. ನನ್ನಪ್ಪನ ಮುಂದೆಯೂ ವೈರಸ್ಸು ಇತ್ತು, ಒಂದು ಇಡೀ ಕಹಳೆಯ ತುಂಬ ಇತ್ತು. ಒಂದು ಮುಗೀತು ಅಂದರು.

ಸರ್ಪಸುತ್ತಿಗೆ ನಿದ್ದೆ ಬರುವುದಿಲ್ಲ. ಮಗ್ಗುಲು ಬದಲಿಸುತ್ತ ಓದುವಾಗ ಫೆರೋ ದ್ವೀಪಗಳ ಸಂಗತಿ ಸಿಕ್ಕಿತು. ಉತ್ತರ ಅಟ್ಲಾಂಟಿಕಿನಲ್ಲಿ ಹೊರಗಿನವರು ಅಪರೂಪಕ್ಕೆ ಕಾಲಿಡುತ್ತಿದ್ದ ಪುಟ್ಟ ನಾಡು. 1781ರಲ್ಲಿ ದಡಾರ ಬಂದು ಹೋದದ್ದು, ಮತ್ತೆ ಅತ್ತ ತಲೆ ಹಾಕಿದ್ದು 1846ರಲ್ಲಿ. ಆಗ ಇದ್ದ 7,782 ಜನರಲ್ಲಿ ಸುಮಾರು 6,000 ಮಂದಿ ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿದರು; ದೋಣಿ ನಡೆಸಲು ಆಳಿಲ್ಲ, ಮನೆಯಲ್ಲಿ ನೀರು ಕೊಡಲು ಎದ್ದವರಿಲ್ಲ. ಡೆನ್ಮಾರ್ಕಿನ ಸರ್ಕಾರ ಕಳಿಸಿದ ಇಪ್ಪತ್ತೈದರ ಹರೆಯದ ಡಾಕ್ಟರು ಪೀಟರ್ ಪಾನುಮ್ ಹಳ್ಳಿಹಳ್ಳಿ ಸುತ್ತಿ ಲೆಕ್ಕ ಬರೆದುಕೊಂಡ. ಅವನ ಕಣ್ಣಿಗೆ ಬಿದ್ದ ವಿಚಿತ್ರವೆಂದರೆ, 65 ವರ್ಷದ ಹಿಂದೆ ದಡಾರ ಆಗಿದ್ದ ಮುದುಕ ಮುದುಕಿಯರು ಇನ್ನೂ ಬದುಕಿದ್ದರು, ಅವರಲ್ಲಿ ಒಬ್ಬರಿಗೂ ಎರಡನೇ ಸಲ ಬರಲಿಲ್ಲ. ದಡಾರ ಒಮ್ಮೆ ಬಂದರೆ ಜೀವಮಾನಕ್ಕೆ ಸಾಕು ಎಂಬ ಮಾತಿಗೆ ಗಟ್ಟಿ ಲೆಕ್ಕ ಸಿಕ್ಕಿದ್ದು ಹಾಗೆ.

ಇಡೀ ಊರು ಮಲಗಿದಾಗ ಎದ್ದು ಓಡಾಡಿಕೊಂಡಿದ್ದ ಎಪ್ಪತ್ತು ದಾಟಿದವರ ಗತ್ತನ್ನು ಕಲ್ಪಿಸಿಕೊಳ್ಳುತ್ತೇನೆ. ಅವರನ್ನೂ ಒಬ್ಬ ಹುಡುಗ ಡಾಕ್ಟರೇ ಬಂದು ಕೇಳಿದ್ದು, ಚಿಕ್ಕವರಿದ್ದಾಗ ಆಗಿತ್ತಾ ಎಂದು. ಆದರೆ ಅವನು ಅವರು ಹೇಳಿದ್ದನ್ನು ನಂಬಿದ. ಬರೆದುಕೊಂಡ.

ಬೆಳಗ್ಗೆ ಅಕ್ಕನದೇ ಫೋನು ಬಂತು. ಅವಳಿಗೂ ನಿದ್ದೆ ಬಂದಿರಲಿಲ್ಲವಂತೆ.

“ಲೋ, ಯೋಚನೆ ಮಾಡಿದೆ. ನಿನಗೆ ಸೀತಾಳೆ ಆಗಿತ್ತು.”

“ಇಲ್ಲ ಅಂದೆಯಲ್ಲ ನಿನ್ನೆ?”

“ನಿನ್ನೆ ನೆನಪಿರಲಿಲ್ಲ. ಕನ್ನಡಿ ಮುಂದೆ ಹೋಗು. ಹುಬ್ಬಿನ ಹತ್ತಿರ ಇರೋ ಕಲೆ ನೋಡು. ಬಿದ್ದ ಗಾಯ ಆಗಿದ್ರೆ ಗೀರು ಇರಬೇಕು. ಅದು ಗುಂಡಗಿದೆಯೋ ಇಲ್ವೋ?”

ಹೋಗಿ ನೋಡಿದೆ. ಪೆನ್ಸಿಲ್ಲಿನ ಹಿಂದಿನ ರಬ್ಬರನ್ನು ಒತ್ತಿ ತೆಗೆದಷ್ಟೇ ಅಳತೆಯ, ಅಂಚು ಸಮನಾಗಿ ಒಳಕ್ಕೆ ಕುಸಿದ, ನುಣುಪಾದ ಗುಂಡು.

“ಡಾಕ್ಟರು ಹೇಳಿದ್ದು ಸರಿ ಇದೆ,” ಎಂದಳು ಅಕ್ಕ. ದನಿಯಲ್ಲಿ ಅರುವತ್ತು ವರ್ಷದ ಮೊಕದ್ದಮೆ ಗೆದ್ದವಳ ನೆಮ್ಮದಿ. “ಅದು ಸೀತಾಳೆ ಗುಳ್ಳೆ ಕೆರೆದುಕೊಂಡ ಗುರುತು. ನಾನು ತಳ್ಳಿದ್ದೂ ಇಲ್ಲ, ನೀನು ಬಿದ್ದದ್ದೂ ಇಲ್ಲ. ಇವತ್ತೇ ಎಲ್ಲರಿಗೂ ಹೇಳ್ತೀನಿ.”

ಸೊಂಟದ ಪಟ್ಟೆ ಚುರುಗುಟ್ಟುತ್ತಿತ್ತು. ಫೋನನ್ನು ಇನ್ನೊಂದು ಕೈಗೆ ಬದಲಿಸಿದೆ.

“ನನಗೆ ಸೀತಾಳೆ ಆಗೇ ಇಲ್ಲ ಕಣೇ,” ಎಂದೆ.