ಮಂಡಿಯ ವಿಡಿಯೊ, ಮರುದಿನದ ಪೇಪರು

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗೋಕೆ ಶುರುವಾದರೆ ಸಾಕು, ಮೊಬೈಲುಗಳು ಮೇಲೇಳುತ್ತವೆ. 'ಬಾಕ್ಸ್ ಎರಡು ಸಾವಿರ' ಅನ್ನೋ 20 ಸೆಕೆಂಡಿನ ತುಣುಕು, ವರದಿಗಾರ ಬೈಕ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಶ್ರೀನಿವಾಸಪುರ, ಚಿಂತಾಮಣಿಯ ಗ್ರೂಪುಗಳಿಗೆಲ್ಲ ಮುಟ್ಟಿರುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ನಿಜವಾಗಿಯೂ ಅಷ್ಟಕ್ಕೆ ಹೋಗಿತ್ತಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಅದು ಯಾವ ಲಾಟು ಅಂತ ಯಾರೂ ಕೇಳುವುದಿಲ್ಲ. ಒಂದೇ ಸೈಜಿನ, ದೂರದ ಲೋಡಿಗೆ ತಡೆಯುವ ಗಟ್ಟಿ ಹಣ್ಣಿಗೆ ಸಿಕ್ಕ ರೇಟು ಅದು. ಪಕ್ಕದ ಗೋಲಿ ಸೈಜಿನದು, ಮಳೆಗೆ ಬಿರಿದದ್ದು ಅದರ ಅರ್ಧಕ್ಕೂ ಹೋಗಿರಲಿಕ್ಕಿಲ್ಲ. ಸುದ್ದಿ ಅನ್ನಬೇಕಾದರೆ ಕನಿಷ್ಠ, ಗರಿಷ್ಠ, ಹೆಚ್ಚು ಮಾಲು ಹೋದ 'ಮಾದರಿ' ದರ, ಅವತ್ತಿನ ಆವಕ (ಮಂಡಿಗೆ ಬಂದ ಮಾಲೆಷ್ಟು ಅನ್ನೋದು), ನಾಲ್ಕೂ ಬೇಕು. ಸರ್ಕಾರಿ ಪಟ್ಟಿ ಕ್ವಿಂಟಲ್ ಲೆಕ್ಕದ್ದು. ನೂರರಿಂದ ಭಾಗಿಸಿ ಹದಿನೈದರಿಂದ ಗುಣಿಸದೆ ಹಾಗೇ ಅಚ್ಚು ಹಾಕಿದರೆ ರೈತನಿಗೆ ತಲೆಬುಡ ಗೊತ್ತಾಗಲ್ಲ. ಪೇಪರಿನವರೂ ಇಲ್ಲಿ ಎಡವುತ್ತಾರೆ.

ಕೆರೆಯದೂ ಇದೇ ಕಥೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬಂದ ಹೊಸದರಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು. ಅಂಥದ್ದನ್ನು ಮೊದಲು ಕಾಣುವುದು ಊರವರೇ, ಅದು ಒಳ್ಳೆಯದೇ. ಆದರೆ ನೊರೆಗೆ ಕಾರಣ ಸೋಪಿನ ಅಂಶವೋ, ಸಂಸ್ಕರಣೆಯ ಲೋಪವೋ ಅಂತ ತಿಳಿಯಲು ಅದೇ ದಿನದ ನೀರಿನ ಮಾದರಿ, ಬಿಒಡಿ (ನೀರಲ್ಲಿ ಕೊಳೆಯುವ ಕಶ್ಮಲ ಎಷ್ಟಿದೆ ಅನ್ನೋ ಅಳತೆ), ಫಾಸ್ಫೇಟ್ ವರದಿ ಬೇಕು. ತಾರೀಖಿಲ್ಲದ ಹಳೇ ವಿಡಿಯೊ ಮುಂದಿಟ್ಟುಕೊಂಡು ಅಧಿಕಾರಿಯನ್ನು ಕೇಳಿದರೆ ಆತ ಒಂದೇ ಮಾತಲ್ಲಿ ಜಾರಿಕೊಳ್ಳುತ್ತಾನೆ.

ಹಾಗಂತ ವಿಡಿಯೊ ತೆಗೆದವರನ್ನು ಬಯ್ಯಬೇಕಿಲ್ಲ. ನನ್ನ ತಕರಾರು ಪೇಪರು ಆಫೀಸಲ್ಲಿ ಕೂತು ಸುದ್ದಿ ತಿದ್ದಿ ಹಾಕುವ ಡೆಸ್ಕಿನವರ ಮೇಲೆ. 'ವಿಡಿಯೊ ವೈರಲ್' ಅಂತ ಮೊದಲು ಹಾಕಿ, ಆಮೇಲೆ ತಾಲ್ಲೂಕಿನ ಅರೆಕಾಲಿಕ ವರದಿಗಾರನಿಗೆ ಫೋನು: 'ನೋಡಪ್ಪ, ನಿಜವಾ?' ಆತನಿಗೆ ಸಿಗೋದು ಪುಡಿಗಾಸು, ಮೇಲೆ ಜಾಹೀರಾತು ತರೋ ಟಾರ್ಗೆಟ್ ಬೇರೆ. ಆತ ಯಾವ ಧೈರ್ಯಕ್ಕೆ 'ಸುಳ್ಳು, ತೆಗೀರಿ' ಅಂದಾನು?

ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಕ್ವಾಲಿಟಿಯೂ ಇಳಿಯುತ್ತೆ, ಎಲ್ಲಿ ಯಾವಾಗ ತೆಗೆದದ್ದು ಅನ್ನೋ ಮಾಹಿತಿಯೂ ಸಾಮಾನ್ಯವಾಗಿ ಉದುರಿಹೋಗುತ್ತೆ. ಅದಕ್ಕೇ ತೆಗೆದವರಿಂದಲೇ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಬೇಕು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಓದಬೇಕು. ಲಾರಿಯ ನಂಬರ್ ಪ್ಲೇಟಲ್ಲಿ ಕೋಲಾರದ ಕೆಎ 07 ಕಂಡ ಮಾತ್ರಕ್ಕೆ ಜಾಗ ಕೋಲಾರ ಅಂತಲ್ಲ, ಆ ಲಾರಿ ನಾಗಪುರದಲ್ಲೂ ನಿಂತಿರಬಹುದು.

ತೆಗೆಯುವವರಿಗೂ ಒಂದು ಮಾತು. ಕೈ ಅಲ್ಲಾಡಿಸದೆ ಹತ್ತು ಸೆಕೆಂಡು ಹಿಡಿಯಿರಿ, ಆಮೇಲೆ ನಿಧಾನವಾಗಿ ಸುತ್ತಲೂ ತೋರಿಸಿ. ಹಾಡು ಸೇರಿಸಬೇಡಿ, ಮೂಲ ಫೈಲು ಅಳಿಸಬೇಡಿ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣವಾದರೆ ಮಗುವಿನ ಮುಖ, ಮನೆ, ಶಾಲೆ ಯಾವುದೂ ಕಾಣಬಾರದು. ಮಗುವಿನ ಗುರುತು ಬಯಲು ಮಾಡಬಾರದು ಅನ್ನೋ ಆ ಕಾಯ್ದೆಯ 23ನೇ ಸೆಕ್ಷನ್ನು ಟಿವಿಯವರಿಗಷ್ಟೇ ಅಲ್ಲ, ಗ್ರೂಪಿಗೆ ಹಾಕಿದವರಿಗೂ ತಗಲುತ್ತೆ.